ಮಗಳ ಹಳೇ ಟ್ರಂಪೆಟ್‌ಗೆ ಕ್ವಾರ್ಟರ್ ಟೋನ್ ಟ್ರಿಗರ್: ಎಂಟು ವಾರದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಟ್ರಿಗರ್ ಕೆಲಸ ಮಾಡುತ್ತಿದೆ. ಎಡಗೈ ಹೆಬ್ಬೆರಳಿನಿಂದ ಒಂದು ಪಟ್ಟಿ ಒತ್ತಿದರೆ ಟ್ರಂಪೆಟ್‌ನ ಮುಖ್ಯ ಟ್ಯೂನಿಂಗ್ ಸ್ಲೈಡ್ (ಶ್ರುತಿ ಸರಿಮಾಡುವ, ಯು ಆಕಾರದ ಜಾರುವ ಕೊಳವೆ) ಮುಂದಕ್ಕೆ ಜಾರುತ್ತದೆ. ಬಿಟ್ಟರೆ ಸ್ಪ್ರಿಂಗ್ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಸ್ಲೈಡ್ ಮುಂದೆ ಹೋದಷ್ಟೂ ಸ್ವರ ಕೆಳಗಿಳಿಯುತ್ತದೆ. ನನಗೆ ಬೇಕಾಗಿದ್ದದ್ದು ಕ್ವಾರ್ಟರ್ ಟೋನ್, ಅಂದರೆ ಕಾಲು ಸ್ವರ, ಅರ್ಧ ಸ್ವರದ ಅರ್ಧ. ಇಷ್ಟು ಮಾಡಲು ಎಂಟು ವಾರಾಂತ್ಯ, 176 ಡಾಲರ್, ಮತ್ತೆ ಎರಡು ಸಲ ರಿಪೇರಿ ಅಂಗಡಿಗೆ ಓಡಾಟ ಬೇಕಾಯಿತು. ಅದರಲ್ಲಿ 125 ಡಾಲರ್ ನನ್ನ ತಪ್ಪುಗಳಿಗೇ ಹೋದ ದುಡ್ಡು. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಆ ತಪ್ಪುಗಳು ಉಪಯೋಗಕ್ಕೆ ಬರಲಿ ಅಂತ ನೋಟ್‌ಬುಕ್ಕಿನಲ್ಲಿ ಇದ್ದುದನ್ನು ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಯಾಕೆ ಶುರು ಮಾಡಿದೆ

ನಾನು ಬಂಟ್ವಾಳದ ಕಡೆಯವನು. ಹೈಸ್ಕೂಲಿನಲ್ಲಿದ್ದಾಗ ಊರಿನ ಬ್ಯಾಂಡ್ ಸೆಟ್‌ನಲ್ಲಿ ನಾಲ್ಕು ವರ್ಷ ಟ್ರಂಪೆಟ್ ಊದಿದ್ದೇನೆ. ಮದುವೆ, ಚರ್ಚಿನ ಹಬ್ಬ, ಮೆರವಣಿಗೆ ಎಲ್ಲದಕ್ಕೂ ಹೋಗುತ್ತಿದ್ದೆವು. ಈಗ ಶಿಕಾಗೋ ಪಕ್ಕದ ಊರಿನಲ್ಲಿದ್ದೇನೆ. ನಮ್ಮ ತಾಲೂಕಿನ ಸಜೀಪಮೂಡದ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ್ದು ಎಲ್ಲರಿಗೂ ಗೊತ್ತು. 2008ರಲ್ಲಿ ಅವರ ಜೊತೆ 'ಕಿನ್ಸ್‌ಮೆನ್' ಅನ್ನುವ ಆಲ್ಬಂ ಮಾಡಿದವರು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ. ಅವರು ಬೇರೆ ಏನೇನು ನುಡಿಸಿದ್ದಾರೆ ಅಂತ ಹುಡುಕುತ್ತಾ ಹೋದಾಗ 2007ರ 'ಟೂ ರಿವರ್ಸ್' ಸಿಕ್ಕಿತು. ಎರಡು ನದಿ ಅಂದರೆ ಇರಾಕಿನ ಟೈಗ್ರಿಸ್ ಮತ್ತು ಯೂಫ್ರಟಿಸ್. ಮಹಾಂತಪ್ಪ ಅದರಲ್ಲಿ ಆಲ್ಟೋ ಸ್ಯಾಕ್ಸ್ ನುಡಿಸಿದ್ದಾರೆ. ಆದರೆ ಸಂಗೀತ ಕಟ್ಟಿದವರು, ಟ್ರಂಪೆಟ್ ಊದಿದವರು ಅಮೀರ್ ಎಲ್‌ಸಫ್ಫಾರ್.

ಎಲ್‌ಸಫ್ಫಾರ್ ಬೆಳೆದದ್ದು ಶಿಕಾಗೋ ಅಂಚಿನ ಓಕ್ ಪಾರ್ಕ್‌ನಲ್ಲಿ, ನನ್ನ ಮನೆಯಿಂದ ಅರ್ಧ ಗಂಟೆ ದಾರಿ. ಹುಟ್ಟಿದ್ದು 1977ರಲ್ಲಿ. ತಂದೆ ಇರಾಕಿನವರು, ತಾಯಿ ಅಮೆರಿಕದವರು. ಇಲ್ಲಿನ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಟ್ರಂಪೆಟ್ ಕಲಿತು, ಆಮೇಲೆ ನ್ಯೂಯಾರ್ಕಿನ ಜಾಝ್ ಲೋಕಕ್ಕೆ ಹೋದರು. 2001ರಲ್ಲಿ ಕಾರ್ಮೈನ್ ಕರೂಸೋ ಟ್ರಂಪೆಟ್ ಸ್ಪರ್ಧೆ ಗೆದ್ದರು. 2002ರಲ್ಲಿ ಬಾಗ್ದಾದಿಗೆ ಹೋಗಿ ಅಲ್ಲಿನ ಸಾಂಪ್ರದಾಯಿಕ ಸಂಗೀತವಾದ ಇರಾಕಿ ಮಕಾಂ ಕಲಿಯಲು ಶುರು ಮಾಡಿದರು. ಆಮೇಲೆ ಯುರೋಪಿನಲ್ಲಿ ಗುರುಗಳನ್ನು ಹುಡುಕಿಕೊಂಡು ಅಲೆದರು. ಲಂಡನ್ನಿನಲ್ಲಿ ಹಮೀದ್ ಅಲ್ ಸಾದಿ ಅವರ ಹತ್ತಿರ ಕೂತು ಹಾಡುಗಾರಿಕೆಯನ್ನೇ ಕಲಿತರು. ಕೋಲಿನಿಂದ ಬಡಿದು ನುಡಿಸುವ ಸಂತೂರನ್ನೂ ಕಲಿತರು. ಆ ಆಲ್ಬಂನಲ್ಲಿ ಟ್ರಂಪೆಟ್, ಹಾಡು, ಸಂತೂರ್ ಮೂರೂ ಅವರದೇ.

ನನ್ನನ್ನು ಹಿಡಿದದ್ದು ಆ ಟ್ರಂಪೆಟ್‌ನಲ್ಲಿ ಬರುತ್ತಿದ್ದ ಗಾಂಧಾರ. ಅರಬ್ಬರ ರಾಸ್ತ್ ಮಕಾಂ ತೆಗೆದುಕೊಳ್ಳಿ, ಮಕಾಂ ಅಂದರೆ ನಮ್ಮ ರಾಗದಂಥದ್ದು. ಅದರ ಗಾಂಧಾರ ನಮ್ಮ ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ, ಹೆಚ್ಚುಕಡಿಮೆ ಎರಡರ ನಡುವೆ ಇದೆ. ನಿಷಾದವೂ ಹಾಗೇ, ಕೈಶಿಕಿ ಮತ್ತು ಕಾಕಲಿಯ ನಡುವೆ. ಮೂರು ವಾಲ್ವಿನ (ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಗುಂಡಿಯ) ಟ್ರಂಪೆಟ್‌ನಲ್ಲಿ ಆ ಜಾಗಕ್ಕೆ ಬೆರಳೇ ಇಲ್ಲ. ಎಲ್‌ಸಫ್ಫಾರ್ ಆ ಸ್ವರಗಳಿಗೆ, ಅದರ ಸುತ್ತಲಿನ ಬಾಗು ಬಳುಕುಗಳಿಗೆ ಅಂತಲೇ ಟ್ರಂಪೆಟ್‌ನಲ್ಲಿ ಹೊಸ ವಿಧಾನ ಕಟ್ಟಿಕೊಂಡರು. ಲೆಬನಾನಿನ ನಾಸಿಮ್ ಮಾಲೂಫ್ 1960ರ ದಶಕದಲ್ಲೇ ಬೇರೆ ದಾರಿ ಹಿಡಿದಿದ್ದರು, ಕಾಲು ಸ್ವರ ಇಳಿಸುವ ನಾಲ್ಕನೇ ವಾಲ್ವನ್ನೇ ಕೂಡಿಸಿದರು. ಅವರ ಮಗ ಇಬ್ರಾಹಿಂ ಮಾಲೂಫ್ ಇವತ್ತಿಗೂ ಅದನ್ನೇ ಊದುವುದು.

ನಾಲ್ಕನೇ ವಾಲ್ವ್ ಕೂಡಿಸುವ ತಾಕತ್ತು ನನ್ನ ಗ್ಯಾರೇಜಿಗೆ ಇಲ್ಲ. ಮಗಳು ಸ್ಕೂಲ್ ಬ್ಯಾಂಡ್ ಬಿಟ್ಟ ಮೇಲೆ ಅವಳ ಟ್ರಂಪೆಟ್ ಮೂರು ವರ್ಷದಿಂದ ಅಟ್ಟದಲ್ಲಿತ್ತು. ನಾಲ್ಕು ವರ್ಷದ ಹಿಂದೆ 160 ಡಾಲರಿಗೆ ಸೆಕೆಂಡ್ ಹ್ಯಾಂಡ್ ತಂದದ್ದು. ಕೇಳಿದೆ. "ಅಪ್ಪಾ, ತಗೋ, ಆದರೆ ಬಿಸಾಕಬೇಡ" ಅಂದಳು.

ಫೆಬ್ರವರಿ 8: ಏನೂ ಬಿಚ್ಚದೆ ಪ್ರಯತ್ನ

ಮೊದಲು ತುಟಿಯಿಂದಲೇ ಬಗ್ಗಿಸಿ ನೋಡಿದೆ. ಫೋನಿನ ಟ್ಯೂನರ್ ಆ್ಯಪ್ ಎದುರಿಗಿಟ್ಟುಕೊಂಡೆ. ಸ್ವರಗಳ ಅಂತರ ಅಳೆಯುವ ಲೆಕ್ಕದಲ್ಲಿ ಒಂದು ಅರ್ಧ ಸ್ವರಕ್ಕೆ 100 ಸೆಂಟ್, ನನಗೆ ಬೇಕಾದದ್ದು 50. ಇಪ್ಪತ್ತು ಸೆಂಟ್ ತನಕ ತುಟಿ ಸಡಿಲಿಸಿ ಇಳಿಸಬಹುದು. ಅದರಾಚೆ ಸ್ವರ ಮಂಕಾಗುತ್ತದೆ, ಬಾಯಿಗೆ ಬಟ್ಟೆ ಇಟ್ಟುಕೊಂಡು ಮಾತಾಡಿದ ಹಾಗೆ. ಪಳಗಿದ ವಾದಕರಿಗೆ ಆಗುತ್ತದೋ ಏನೋ, ಮೂವತ್ತು ವರ್ಷದ ನಂತರ ಊದುತ್ತಿರುವ ನನಗೆ ಆಗಲಿಲ್ಲ.

ಆಮೇಲೆ ಮೂರನೇ ವಾಲ್ವಿನ ಸ್ಲೈಡ್. ಅದಕ್ಕೆ ಉಂಗುರ ಇರುತ್ತದೆ, ಉಂಗುರದ ಬೆರಳಿನಿಂದ ತಳ್ಳಬಹುದು. ಟ್ರಂಪೆಟ್‌ನ ಸಿ ಸ್ವರವನ್ನು ಷಡ್ಜ ಅಂತ ಇಟ್ಟುಕೊಂಡರೆ ಗಾಂಧಾರಕ್ಕೆ ಸಾಮಾನ್ಯವಾಗಿ 1 ಮತ್ತು 2ನೇ ವಾಲ್ವ್ ಒತ್ತುತ್ತೇವೆ. ಬದಲಿಗೆ 3 ಒಂದನ್ನೇ ಒತ್ತಿ, ಸ್ಲೈಡ್ ಸುಮಾರು 25 ಮಿ.ಮೀ. ತಳ್ಳಿದರೆ ರಾಸ್ತಿನ ಗಾಂಧಾರದ ಹತ್ತಿರಕ್ಕೆ ಬರುತ್ತದೆ. ಖುಷಿಯಾಯಿತು. ನಿಷಾದಕ್ಕೆ ಬಂದಾಗ ಸಿಕ್ಕಿಕೊಂಡೆ. ಅದಕ್ಕೆ ಬೇಕಾದ ಬೆರಳು 2, ಅಲ್ಲಿ ಎಳೆಯುವಂಥ ಸ್ಲೈಡ್ ಇಲ್ಲ. 1 ಮತ್ತು 3 ಒತ್ತಿ ಬೇರೆ ದಾರಿಯಿಂದ ಹೋಗಬಹುದು, ಆದರೆ ಆ ಸ್ವರದ ಬಣ್ಣವೇ ಬೇರೆ. ನಿಧಾನಕ್ಕೆ ಊದುವಾಗ ಸರಿ, ಸ್ವಲ್ಪ ಓಡಿದರೆ ಬೆರಳು ಗೋಜಲಾಗುತ್ತದೆ. ಎಲ್ಲ ಸ್ವರಕ್ಕೂ ಒಂದೇ ಕಡೆಯಿಂದ ಕೆಲಸ ಮಾಡುವಂಥದ್ದು ಬೇಕು ಅನ್ನಿಸಿತು. ಎಲ್ಲ ಗಾಳಿಯೂ ಹಾದುಹೋಗುವ ಸ್ಲೈಡ್ ಒಂದೇ, ಮುಖ್ಯ ಟ್ಯೂನಿಂಗ್ ಸ್ಲೈಡ್.

ಫೆಬ್ರವರಿ 9: ಅಳತೆ

ಸಾಮಾನ್ಯ ಶ್ರುತಿಗೆ ಈ ಟ್ರಂಪೆಟ್‌ನ ಸ್ಲೈಡ್ 11 ಮಿ.ಮೀ. ಹೊರಗಿರುತ್ತದೆ. ಓಪನ್ ಸ್ವರ (ಯಾವ ವಾಲ್ವನ್ನೂ ಒತ್ತದೆ ಬರುವ ಸ್ವರ) ಊದುತ್ತಾ ಮಗಳ ಕೈಯಲ್ಲಿ ಸ್ವಲ್ಪ ಸ್ವಲ್ಪ ಎಳೆಸಿದೆ. ಟ್ಯೂನರ್ 50 ಸೆಂಟ್ ಕೆಳಗೆ ತೋರಿಸಿದಾಗ ಕ್ಯಾಲಿಪರ್ ಇಟ್ಟರೆ 33 ಮಿ.ಮೀ. ಅಂದರೆ 22 ಮಿ.ಮೀ. ಓಡಾಟ ಬೇಕು. ಟ್ರಂಪೆಟ್ ಕೊಳವೆಯ ಒಟ್ಟು ಉದ್ದ ಸುಮಾರು 148 ಸೆಂ.ಮೀ. ಸ್ಲೈಡಿಗೆ ಎರಡು ಕಾಲು, ಹಾಗಾಗಿ 22 ಎಳೆದರೆ ಕೊಳವೆ 44 ಮಿ.ಮೀ. ಉದ್ದವಾಗುತ್ತದೆ. ಲೆಕ್ಕ ಸರಿಹೋಯಿತು. ಸ್ಲೈಡಿನ ಕಾಲು 65 ಮಿ.ಮೀ. ಇದೆ, 33 ಹೊರಗೆ ಬಂದರೂ 32 ಒಳಗಿರುತ್ತದೆ. ಬೀಳುವುದಿಲ್ಲ.

ಇನ್ನೊಂದು ಅನುಕೂಲ ಅವತ್ತೇ ಗೊತ್ತಾಯಿತು. ವಾಲ್ವ್ ಒತ್ತದೆ ಮೂರನೇ ಸ್ಲೈಡ್ ಎಳೆದರೆ ಒಳಗೆ ಗಾಳಿ ಸಿಕ್ಕಿಕೊಂಡು 'ಪಟ್' ಅನ್ನುತ್ತದೆ. ಮುಖ್ಯ ಸ್ಲೈಡಿನಲ್ಲಿ ದಾರಿ ಯಾವಾಗಲೂ ತೆರೆದೇ ಇರುವುದರಿಂದ ಊದುತ್ತಾ ಊದುತ್ತಲೇ ಜಾರಿಸಬಹುದು.

ಫೆಬ್ರವರಿ 15, 16: ಸ್ಲೈಡ್ ತಿಕ್ಕಿದ್ದು, ಮೊದಲ ದೊಡ್ಡ ತಪ್ಪು

ಟ್ಯೂನಿಂಗ್ ಸ್ಲೈಡ್ ಬಿಗಿಯಾಗಿರಬೇಕು ಅಂತಲೇ ಮಾಡಿರುತ್ತಾರೆ, ಗ್ರೀಸ್ ಹಾಕಿ ಇಟ್ಟಿರುತ್ತಾರೆ. ನನಗೆ ಬೇಕಾದದ್ದು ಬೆಣ್ಣೆಯ ಹಾಗೆ ಜಾರುವ ಸ್ಲೈಡ್. ಗ್ರೀಸ್ ಒರೆಸಿ ತೆಗೆದೆ. ಎಣ್ಣೆ ಹಾಕಿದೆ, ಸಾಲಲಿಲ್ಲ. ಎರಡೂ ಕಾಲಿಗೆ ಬ್ರಾಸೋ (ಹಿತ್ತಾಳೆ ಉಜ್ಜುವ ಪಾಲಿಶ್) ಸವರಿ, ಹೊರಕೊಳವೆಯೊಳಗೆ ಹಾಕಿ, ಹಿಂದೆ ಮುಂದೆ ಮಾಡುತ್ತಾ ಇಪ್ಪತ್ತು ನಿಮಿಷ ತಿಕ್ಕಿದೆ. ಕಪ್ಪು ಮಸಿ ಬಂತು. ಒರೆಸಿ ನೋಡಿದರೆ ಚೆನ್ನಾಗಿ ಜಾರುತ್ತಿತ್ತು. ಅಡುಗೆಮನೆಯ ತೂಕದ ಯಂತ್ರಕ್ಕೆ ಒತ್ತಿ ನೋಡಿದೆ, ಮೊದಲು 400 ಗ್ರಾಂ ಒತ್ತಿದರೆ ಕದಲುತ್ತಿದ್ದದ್ದು ಈಗ 80 ಗ್ರಾಂಗೆ ಕದಲಿತು.

ತಪ್ಪು ಏನೆಂದರೆ, ಸ್ಲೈಡಿನ ಕೆಳಗಿನ ಕಾಲು ನೇರವಾಗಿ ಮೂರನೇ ವಾಲ್ವಿಗೆ ಹೋಗುತ್ತದೆ. ಅದು ನನಗೆ ಗೊತ್ತಿತ್ತು. ಆದರೂ ವಾಲ್ವ್ ತೆಗೆದಿಡಲಿಲ್ಲ, ಕೊಳವೆಗೆ ಬಟ್ಟೆ ತುರುಕಲಿಲ್ಲ. ಬ್ರಾಸೋದ ಪುಡಿ ಒಳಗೆ ಹೋಗಿ ವಾಲ್ವಿಗೆ ಅಂಟಿತು. ಮಾರನೇ ದಿನ ಊದಲು ಕೂತರೆ ಮೂರನೇ ವಾಲ್ವ್ ಕೆಳಗೆ ಹೋಗಿ ಅಲ್ಲೇ ನಿಂತಿತು. ಬಲವಂತವಾಗಿ ನಾಲ್ಕೈದು ಸಲ ಒತ್ತಿದೆ. ಅದು ಇನ್ನೂ ದೊಡ್ಡ ತಪ್ಪು, ಪುಡಿ ಒಳಗಿದ್ದಾಗ ಒತ್ತಿದರೆ ವಾಲ್ವಿಗೇ ಗೀರು ಬೀಳುತ್ತದೆ. ಬಿದ್ದೂ ಬಿತ್ತು, ಉಗುರಿಗೆ ತಾಕುವಂಥ ಎರಡು ಗೆರೆ.

ಪೂರ್ತಿ ಬಿಚ್ಚಿ, ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆದೆ. ಬಿಸಿನೀರು ಬೇಡ, ಮೇಲಿನ ಲ್ಯಾಕರ್ ಲೇಪ ಎದ್ದುಬರುತ್ತದೆ. ಸಾಲಲಿಲ್ಲ. ರಿಪೇರಿ ಅಂಗಡಿಗೆ ಕೊಟ್ಟೆ. ಕೆಮಿಕಲ್ ಕ್ಲೀನಿಂಗ್, 85 ಡಾಲರ್, ಹತ್ತು ದಿನ. ಗೀರು ಹಾಗೇ ಇದೆ, ಆದರೆ ವಾಲ್ವ್ ಓಡುತ್ತದೆ.

ಹಾಗಾಗಿ ತಿಕ್ಕುವ ಮೊದಲು ಮೂರೂ ವಾಲ್ವ್ ತೆಗೆದು ಬೇರೆ ಕೋಣೆಯಲ್ಲಿಡಿ. ಕೆಳಗಿನ ಕೊಳವೆಗೆ ಒಳಗಿನಿಂದ ಬಟ್ಟೆ ತುರುಕಿ. ತಿಕ್ಕಿ ಆದ ಮೇಲೆ ಮೂರು ಸಲ ತೊಳೆಯಿರಿ.

ಮಾರ್ಚ್ 1: ರಬ್ಬರ್ ಬ್ಯಾಂಡ್

ಐಡಿಯಾ ಸರಿಯೋ ಇಲ್ಲವೋ ನೋಡಲು ಎರಡು ದಪ್ಪ ರಬ್ಬರ್ ಬ್ಯಾಂಡನ್ನು ಸ್ಲೈಡಿನ ಅಡ್ಡಕಂಬಿಯಿಂದ ವಾಲ್ವಿನ ಕಡೆಗೆ ಕಟ್ಟಿದೆ. ಬಲಗೈಯಿಂದ ಸ್ಲೈಡನ್ನು ತಳ್ಳಿ ಬಿಟ್ಟರೆ ವಾಪಸ್ ಬಂತು. ಆದರೆ ಬಂದ ಪ್ರತಿ ಸಲವೂ 'ಟಕ್' ಅಂತ ಹಿತ್ತಾಳೆಗೆ ಹಿತ್ತಾಳೆ ಬಡಿಯುವ ಶಬ್ದ. ಸ್ಲೈಡಿನ ಕಾಲಿಗೆ ನಲ್ಲಿಯ ರಬ್ಬರ್ ರಿಂಗ್ ಸಿಕ್ಕಿಸಿದೆ. ಶಬ್ದ ನಿಂತಿತು. ಆ ರಿಂಗ್ ಈಗಲೂ ಅಲ್ಲೇ ಇದೆ, ಎಂಟು ವಾರದಲ್ಲಿ ಮೊದಲ ಸಲಕ್ಕೇ ಸರಿಹೋದದ್ದು ಅದೊಂದೇ.

ಮಾರ್ಚ್ 2 ಮತ್ತು 8: ಬೆಸುಗೆ, ಎರಡನೇ ದೊಡ್ಡ ತಪ್ಪು

ಯೋಚನೆ ಹೀಗಿತ್ತು. ಸ್ಲೈಡಿನ ಅಡ್ಡಕಂಬಿಗೆ 3.2 ಮಿ.ಮೀ. ದಪ್ಪದ ಹಿತ್ತಾಳೆ ಸರಳು ಬೆಸೆಯುವುದು, ಅದು ಲೀಡ್‌ಪೈಪಿನ (ಮೌತ್‌ಪೀಸ್ ಸಿಕ್ಕಿಸುವ ಕೊಳವೆಯ) ಪಕ್ಕದಲ್ಲೇ ಹಿಂದಕ್ಕೆ ಬಂದು ಎಡ ಹೆಬ್ಬೆರಳಿನ ಹತ್ತಿರ ಮುಗಿಯುವುದು. ಸರಳಿನ ಉದ್ದ 21 ಸೆಂ.ಮೀ.

60 ವ್ಯಾಟಿನ ಸೋಲ್ಡರಿಂಗ್ ಐರನ್‌ನಿಂದ ಪ್ರಯತ್ನಿಸಿದೆ. ಹಿತ್ತಾಳೆ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಸೀಸ ಹರಡಲೇ ಇಲ್ಲ, ಮುದ್ದೆಯಾಗಿ ಕೂತಿತು. ಸಂಜೆ ಒತ್ತಿ ನೋಡಿದರೆ ಕಳಚಿ ಕೈಗೆ ಬಂತು.

ಮುಂದಿನ ವಾರ ಚಿಕ್ಕ ಬ್ಯೂಟೇನ್ ಟಾರ್ಚ್ ತಂದೆ. ನನ್ನ ಸರಳೇನೋ ಚೆನ್ನಾಗಿ ಹಿಡಿಯಿತು. ಆದರೆ ಆ ಅಡ್ಡಕಂಬಿಯನ್ನು ಕೂಡ ಫ್ಯಾಕ್ಟರಿಯಲ್ಲಿ ಬೆಸುಗೆಯಿಂದಲೇ ಕೂರಿಸಿರುತ್ತಾರಲ್ಲ, ಅದೂ ಕರಗಿತು. ಅಡ್ಡಕಂಬಿ ಒಂದು ಕಡೆ ಬಿಟ್ಟುಕೊಂಡು, ಸ್ಲೈಡಿನ ಎರಡು ಕಾಲು ಒಂದಕ್ಕೊಂದು ಸಮ ಇಲ್ಲದೆ ಹೋದವು. ಒಳಗೆ ತೂರಿಸಿದರೆ ಅರ್ಧಕ್ಕೆ ಸಿಕ್ಕಿಕೊಂಡಿತು. ಲ್ಯಾಕರ್ ಸುಟ್ಟು ಎರಡು ಇಂಚು ಕಂದು ಕಲೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಗಳ ಮಾತು ನೆನಪಿತ್ತು.

ಮತ್ತೆ ಅದೇ ಅಂಗಡಿ. ರಿಪೇರಿ ಮಾಡುವವರು ಕಾಲುಗಳನ್ನು ಸಮ ಮಾಡಿ ಮತ್ತೆ ಬೆಸೆದುಕೊಟ್ಟರು, 40 ಡಾಲರ್. ಏನು ಮಾಡಲು ಹೊರಟಿದ್ದೀರಿ ಅಂತ ಕೇಳಿದರು. ಹೇಳಿದೆ. ಹತ್ತು ನಿಮಿಷ ಕೂರಿಸಿಕೊಂಡು ಒಂದೇ ಮಾತನ್ನು ಎರಡು ಸಲ ಹೇಳಿದರು: ಸ್ಲೈಡಿಗೆ ಬೆಂಕಿ ತಾಗಿಸಬೇಡಿ, ಕ್ಲ್ಯಾಂಪ್ ಹಾಕಿ.

ಮಾರ್ಚ್ 15: ಕ್ಲ್ಯಾಂಪ್ ಮತ್ತು ಸರಳು

ಎರಡು ಹಿತ್ತಾಳೆ ಪಟ್ಟಿ, ಒಂದೊಂದು 30 ಮಿ.ಮೀ. ಉದ್ದ, 12 ಅಗಲ. ನಡುವೆ ಅಡ್ಡಕಂಬಿ, ಎರಡು ಕಡೆ ಹಳೇ ಬೆಲ್ಟಿನ ಚರ್ಮ, ಎರಡು ಸ್ಕ್ರೂ. ಸರಳಿನ ತುದಿಯನ್ನು ಬಾಗಿಸಿ ಆ ಪಟ್ಟಿಗಳ ಮಧ್ಯೆಯೇ ಕಚ್ಚಿಸಿದೆ. ಅಲುಗಾಡಲಿಲ್ಲ. ಒಳಗೆ ಸೇರಿದ ನೀರು ಬಿಡುವ ವಾಟರ್ ಕೀ ಆ ಸ್ಲೈಡಿನ ಬಾಗಿನಲ್ಲೇ ಇರುವುದರಿಂದ ಅದು ತೆರೆಯಲು ಜಾಗ ಬಿಡಬೇಕು. ಮೊದಲ ಸಲ ಮರೆತು, ಪಟ್ಟಿಯ ಮೂಲೆಯನ್ನು ಅರದಿಂದ ಉಜ್ಜಬೇಕಾಯಿತು.

ಸರಳು ನೇರವಾಗಿ ಓಡಲು ಮೂರು ಚಿಕ್ಕ ಕೊಳವೆ ತುಂಡು, 30 ಮಿ.ಮೀ. ಉದ್ದದವು, ಲೀಡ್‌ಪೈಪಿಗೆ ಚರ್ಮ ಸುತ್ತಿ ಜಿಪ್ ಟೈ ಹಾಕಿ ಕಟ್ಟಿದೆ. ಮೂರೂ ಒಂದೇ ಗೆರೆಯಲ್ಲಿ ಬರಲೇ ಇಲ್ಲ. ಎಷ್ಟು ಸರಿಮಾಡಿದರೂ ಸರಳು ಎಲ್ಲೋ ಕಚ್ಚಿಕೊಳ್ಳುತ್ತಿತ್ತು. ಒಂದೂವರೆ ಗಂಟೆ ಆದ ಮೇಲೆ ನಡುವಿನದನ್ನು ಕತ್ತರಿಸಿ ತೆಗೆದೆ. ತಕ್ಷಣ ಸರಿಹೋಯಿತು. ಎರಡೇ ಸಾಕು.

ಮಾರ್ಚ್ 16ರಿಂದ 22: ಹೆಬ್ಬೆರಳು

ಸರಳನ್ನು ನೇರವಾಗಿ ಹೆಬ್ಬೆರಳಿನಿಂದ ತಳ್ಳಿದೆ. 22 ಮಿ.ಮೀ. ಅಂದರೆ ಕಾಗದದ ಮೇಲೆ ಚಿಕ್ಕದು. ಟ್ರಂಪೆಟ್‌ನ ಭಾರ ಹೊತ್ತ ಕೈಯಲ್ಲಿ ಹೆಬ್ಬೆರಳು ಅಷ್ಟು ಮುಂದೆ ಹೋದರೆ ಹಿಡಿತವೇ ತಪ್ಪುತ್ತದೆ, ಮೌತ್‌ಪೀಸ್ ತುಟಿಯಿಂದ ಜಾರುತ್ತದೆ.

ಹಾಗಾಗಿ ಸನ್ನೆ (ಲಿವರ್) ಬೇಕಾಯಿತು. 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ. ಒಂದು ತುದಿಯಲ್ಲಿ ತಿರುಗುವ ಸ್ಕ್ರೂ, ಅಲ್ಲಿಂದ 40 ಮಿ.ಮೀ.ಗೆ ಹೆಬ್ಬೆರಳು, 70 ಮಿ.ಮೀ.ಗೆ ಸರಳು. ಹೆಬ್ಬೆರಳು 15 ಹೋದರೆ ಸರಳು 26 ಹೋಗುತ್ತದೆ. ಪಟ್ಟಿ ಕಮಾನಿನಲ್ಲಿ ತಿರುಗುತ್ತದೆ, ಸರಳು ನೇರ ಹೋಗುತ್ತದೆ, ಹಾಗಾಗಿ ಸರಳಿನ ತೂತು ದುಂಡಗಿದ್ದರೆ ಕಚ್ಚಿಕೊಳ್ಳುತ್ತದೆ. ದುಂಡು ಅರದಿಂದ ಉದ್ದ ಮಾಡಿದೆ.

ಆ ತಿರುಗುವ ಸ್ಕ್ರೂ ಕೂರಿಸಲು ಒಂದನೇ ವಾಲ್ವಿನ ಹೊರಕವಚಕ್ಕೆ ಹೋಸ್ ಕ್ಲ್ಯಾಂಪ್ ಹಾಕಿದೆ. ಅಲುಗಬಾರದು ಅಂತ ಚೆನ್ನಾಗಿ ಬಿಗಿಗೊಳಿಸಿದೆ. ಒಂದನೇ ವಾಲ್ವ್ ನಿಂತಿತು! ಒಂದು ಕ್ಷಣ ಮತ್ತೆ 85 ಡಾಲರ್ ಹೋಯಿತು ಅಂದುಕೊಂಡೆ. ಕವಚ ತೆಳುವಾದ ಹಿತ್ತಾಳೆ, ಕೂದಲೆಳೆಯಷ್ಟು ಅಮುಕಿದರೂ ವಾಲ್ವಿಗೆ ಜಾಗ ಇರುವುದಿಲ್ಲ. ಕ್ಲ್ಯಾಂಪ್ ಸಡಿಲಿಸಿದ ಕೂಡಲೇ ವಾಲ್ವ್ ಓಡಿತು, ಪುಣ್ಯಕ್ಕೆ ಕಾಯಂ ಡೊಂಕಾಗಿರಲಿಲ್ಲ. ಕೆಳಗೆ ಚರ್ಮ ಎರಡು ಸುತ್ತು ಸುತ್ತಿ, ಕೈಯಿಂದ ತಿರುಗಿಸುವಷ್ಟೇ ಬಿಗಿಮಾಡಿದೆ. ಬಿಗಿ ಮಾಡುತ್ತಾ ಮಧ್ಯೆ ಮಧ್ಯೆ ವಾಲ್ವ್ ಒತ್ತಿ ನೋಡುತ್ತಿರಬೇಕು.

ಸ್ಪ್ರಿಂಗ್ ಮೂರು ಬದಲಾಯಿಸಿದೆ. ಪೆನ್ನಿನದು ತುಂಬಾ ಬಡಕಲು, ಸ್ಲೈಡ್ ಅರ್ಧದಲ್ಲೇ ನಿಲ್ಲುತ್ತಿತ್ತು. ಅಂಗಡಿಯ ಡಬ್ಬಿಯಿಂದ ತಂದದ್ದು 300 ಗ್ರಾಂ ಎಳೆತದ್ದು, ಸನ್ನೆಯ ದೆಸೆಯಿಂದ ಹೆಬ್ಬೆರಳಿಗೆ ಅರ್ಧ ಕೆ.ಜಿ.ಗಿಂತ ಜಾಸ್ತಿ ಬೀಳುತ್ತಿತ್ತು. ಇಪ್ಪತ್ತು ನಿಮಿಷ ಊದಿದರೆ ಹೆಬ್ಬೆರಳಿನ ಬುಡ ನೋಯುತ್ತಿತ್ತು. "ರೀ, ಕೈಗೆ ಏನಾಗಿದೆ, ಚಹಾ ಲೋಟ ಹಿಡಿಯೋಕೂ ಆಗ್ತಿಲ್ವಲ್ಲ" ಅಂತ ಹೆಂಡತಿ ಕೇಳಿದ ಮೇಲೆ 200 ಗ್ರಾಂನದಕ್ಕೆ ಬಂದೆ. ಸ್ಲೈಡ್ 80 ಗ್ರಾಂಗೆ ಕದಲುವುದರಿಂದ 200 ಸಾಕಷ್ಟಾಯಿತು.

ಮಾರ್ಚ್ 23: ನಟ್ ಹಾಕಿ ನಿಖರ ಮಾಡಿದ್ದು

ಸರಳಿನ ಮೇಲೆ ಒಂದು ನಟ್ ಕೂರಿಸಿ, ಸರಿಯಾಗಿ 22 ಮಿ.ಮೀ.ಗೆ ನಿಲ್ಲುವ ಹಾಗೆ ಮಾಡಿದೆ. ಒತ್ತಿದರೆ ಕಾಲು ಸ್ವರ, ಬಿಟ್ಟರೆ ಮಾಮೂಲಿ ಸ್ವರ. ಬಹಳ ಹೆಮ್ಮೆಯಾಯಿತು. ಆಮೇಲೆ ಒಂದೊಂದೇ ಬೆರಳಿಗೆ ಟ್ಯೂನರ್ ನೋಡಿ ಬರೆದುಕೊಂಡೆ. ಓಪನ್ ಸ್ವರಗಳಲ್ಲಿ 51 ಸೆಂಟ್ ಇಳಿಯಿತು. 2 ಒತ್ತಿದಾಗ 48. ಒಂದನೇ ವಾಲ್ವಿಗೆ 45. 1-2ಕ್ಕೆ 42. 1-2-3 ಒತ್ತಿದರೆ ಬರೀ 36.

ವಾಲ್ವ್ ಒತ್ತಿದಷ್ಟೂ ಕೊಳವೆ ಉದ್ದವಾಗಿರುತ್ತದೆ, ಉದ್ದ ಕೊಳವೆಗೆ 44 ಮಿ.ಮೀ. ಅನ್ನುವುದು ಚಿಕ್ಕ ಪಾಲು. ಕೆಳಗಿನ ಗಾಂಧಾರಕ್ಕೆ ಬೆರಳು 1-2, ಅಲ್ಲಿ 26 ಮಿ.ಮೀ. ಬೇಕು. ಅದೇ ಗಾಂಧಾರ ತಾರಸ್ಥಾಯಿಯಲ್ಲಿ ಓಪನ್, ಅಲ್ಲಿ 22 ಸಾಕು. ಒಂದೇ ನಟ್ ಎರಡಕ್ಕೂ ಆಗುವುದಿಲ್ಲ. ಕೆಳಗಿನ ಗಾಂಧಾರಕ್ಕೆ ಸರಿಮಾಡಿದರೆ ಮೇಲಿನದು 60 ಸೆಂಟಿನ ಹತ್ತಿರ ಇಳಿಯುತ್ತಿತ್ತು. ಎರಡು ನಟ್ ಹಾಕಿ ಎರಡು ಮೆಟ್ಟಿಲು ಮಾಡಲು ಹೋದೆ, ನಡುವೆ ಸಣ್ಣ ಸ್ಪ್ರಿಂಗ್ ಇಟ್ಟು. ಒಂದು ಇಡೀ ಭಾನುವಾರ ಹೋಯಿತು. ಬೆರಳಿಗೆ ಮೆಟ್ಟಿಲು ಗೊತ್ತಾಗಲೇ ಇಲ್ಲ.

ಮಾರ್ಚ್ 29: ಊದ್ ನುಡಿಸುವವರ ಮನೆಯಲ್ಲಿ

ನಮ್ಮ ಬೀದಿಯಲ್ಲಿ ಬಾಗ್ದಾದಿನ ಹಿರಿಯರೊಬ್ಬರಿದ್ದಾರೆ. ಮನೆಯಲ್ಲಿ ಊದ್ ಅನ್ನುವ ಅರಬ್ಬೀ ತಂತಿವಾದ್ಯ ನುಡಿಸುತ್ತಾರೆ. ಟ್ರಂಪೆಟ್ ತೆಗೆದುಕೊಂಡು ಹೋದೆ. ರಾಸ್ತ್ ಊದಿದೆ, ಏರುತ್ತಾ ಇಳಿಯುತ್ತಾ. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಊದಿನಲ್ಲಿ ಅದನ್ನೇ ನುಡಿಸಿದರು. ಊದಿಗೆ ಮೆಟ್ಟಿಲು ಇರುವುದಿಲ್ಲ, ನಮ್ಮ ಪಿಟೀಲಿನ ಹಾಗೆ ಬೆರಳಿಟ್ಟ ಕಡೆ ಸ್ವರ. ಅವರ ಗಾಂಧಾರ ನನ್ನದಕ್ಕಿಂತ ಮೇಲಿತ್ತು. ಸರಿ, ನಟ್ ಸ್ವಲ್ಪ ತಿರುಗಿಸುತ್ತೇನೆ ಅಂದೆ. ಅವರು ತಡೆದು, ಬಯಾತಿ ಅನ್ನುವ ಇನ್ನೊಂದು ಮಕಾಂ ನುಡಿಸಿದರು. ಬಯಾತಿಯಲ್ಲಿ ಅದೇ ಸ್ವರ ಬರುತ್ತದೆ, ಆದರೆ ಅಲ್ಲಿ ಷಡ್ಜದ ಮೇಲಿನ ಮೊದಲ ಮೆಟ್ಟಿಲಾಗಿ. ಈಗ ಅವರ ಬೆರಳು ಕಣ್ಣಿಗೆ ಕಾಣುವಷ್ಟು ಕೆಳಗಿತ್ತು. ಒಂದೇ ಹೆಸರಿನ ಸ್ವರ, ಎರಡು ಜಾಗ. ಆಮೇಲೆ ರಾಸ್ತಿನಲ್ಲೇ ಏರುವಾಗ, ಇಳಿಯುವಾಗ ಬೆರಳು ಹೇಗೆ ಕದಲುತ್ತದೆ ಅಂತ ತೋರಿಸಿದರು.

ಐವತ್ತು ಸೆಂಟ್ ಅನ್ನುವುದು ಬರೆದುಕೊಳ್ಳಲು ಇರುವ ಲೆಕ್ಕ, ನುಡಿಸುವ ಜಾಗ ಅಲ್ಲ ಅಂತ ಅವತ್ತು ಕಿವಿಗೆ ಗೊತ್ತಾಯಿತು. ಗಮಕ ಕೇಳಿ ಬೆಳೆದವನು ನಾನು. ತೋಡಿಯ ಗಾಂಧಾರವನ್ನು ಟ್ಯೂನರಿನಲ್ಲಿ ಹುಡುಕಲು ಯಾರೂ ಹೋಗುವುದಿಲ್ಲ, ಅಲ್ವಾ? ಆದರೂ ಗ್ಯಾರೇಜಿನಲ್ಲಿ ಕ್ಯಾಲಿಪರ್ ಹಿಡಿದ ಮೇಲೆ ಅದನ್ನು ಮರೆತಿದ್ದೆ. ಇಡೀ ವಾರಾಂತ್ಯ ನಟ್ಟಿಗೆ ಸುರಿದದ್ದು ಈ ಕೆಲಸದ ಮೂರನೇ ದೊಡ್ಡ ತಪ್ಪು. ದುಡ್ಡಿನ ಲೆಕ್ಕದಲ್ಲಿ ಬರದ ತಪ್ಪು.

ಮನೆಗೆ ಬಂದು ನಟ್ ಬಿಚ್ಚಿದೆ. ಈಗ 31 ಮಿ.ಮೀ.ಯಲ್ಲಿ ಒಂದು ತಡೆ ಮಾತ್ರ ಇದೆ, ಸ್ಲೈಡ್ ಅದರಾಚೆ ಜಾರಿ ಗಾಳಿ ಸೋರದಿರಲಿ ಅಂತ. ಅಷ್ಟು ದೂರ ಹೋಗಲು ಸರಳಿನ ತೂತನ್ನು ಇನ್ನೂ 6 ಮಿ.ಮೀ. ಆಚೆಗೆ ಹೊಸದಾಗಿ ಕೊರೆದೆ. ಮಧ್ಯೆ ಎಲ್ಲಿ ನಿಲ್ಲಬೇಕು ಅನ್ನುವುದು ಹೆಬ್ಬೆರಳಿಗೆ ಬಿಟ್ಟದ್ದು.

ಹೊರಡುವಾಗ ಆ ಹಿರಿಯರು ಇನ್ನೊಂದು ಮಾತು ಹೇಳಿದ್ದರು. ಊದುವ ಮೊದಲು ಹಾಡು, ಬಾಯಲ್ಲಿ ಬರದ ಸ್ವರ ಹಿತ್ತಾಳೆಯಲ್ಲಿ ಬರುವುದಿಲ್ಲ. ಎಲ್‌ಸಫ್ಫಾರ್ ಟ್ರಂಪೆಟ್ ಪಕ್ಕಕ್ಕಿಟ್ಟು ಹಾಡು ಕಲಿತದ್ದು ಯಾಕೆ ಅಂತ ಆಗ ಅರ್ಥವಾಯಿತು. 'ಟೂ ರಿವರ್ಸ್' ಮತ್ತೆ ಕೇಳಿದೆ, ಈ ಸಲ ಅವರು ಹಾಡುವ ಕಡೆಯನ್ನು ಮೊದಲು, ಊದುವ ಕಡೆಯನ್ನು ಆಮೇಲೆ. ಟ್ರಂಪೆಟ್ ಆ ಗಂಟಲಿನ ಹಿಂದೆಯೇ ಹೋಗುತ್ತದೆ. 2017ರ 'ನಾಟ್ ಟೂ'ನಲ್ಲಿ ಹದಿನೇಳು ಜನರ ಮೇಳ ಇದೆ, ಊದ್, ಸಂತೂರ್, ಬುಝುಕ್ ಅನ್ನುವ ತಂತಿವಾದ್ಯದ ಪಕ್ಕದಲ್ಲೇ ಸ್ಯಾಕ್ಸ್, ಡ್ರಮ್ಸ್. ಅಷ್ಟು ಜನ ಸೇರಿಯೂ ಆ ಸ್ವರಗಳನ್ನು ಪಿಯಾನೋದ ಮನೆಗಳಿಗೆ ತಳ್ಳಿಲ್ಲ. ನನಗೆ ಅವರ ಸಂಗೀತದಲ್ಲಿ ತುಂಬಾ ಇಷ್ಟವಾದದ್ದು ಅದೇ. ಜಾಝ್ ಮೇಲೆ ಅರಬ್ಬೀ ರಾಗದ ಅಲಂಕಾರ ಅಂಟಿಸಿದ ಹಾಗೆ ಎಲ್ಲೂ ಅನ್ನಿಸುವುದಿಲ್ಲ.

ಏಪ್ರಿಲ್ 5: ಈಗ ಎಲ್ಲಿದೆ

ಖರ್ಚು: ಸರಳು, ಕೊಳವೆಗೆ 9 ಡಾಲರ್, ಪಟ್ಟಿಗಳಿಗೆ 6, ಸ್ಪ್ರಿಂಗ್ 11, ಸ್ಕ್ರೂ, ನಟ್, ಕ್ಲ್ಯಾಂಪ್ 7, ಬ್ರಾಸೋ 6, ಎಣ್ಣೆ 12, ರಿಪೇರಿ 85 ಮತ್ತು 40. ಟಾರ್ಚನ್ನು ಲೆಕ್ಕಕ್ಕೆ ಹಿಡಿದಿಲ್ಲ, ವಾಪಸ್ ಕೊಟ್ಟೆ.

ಸರಿಯಾಗದೆ ಉಳಿದದ್ದೂ ಇದೆ. ತಿಕ್ಕಿದ್ದು ಸ್ವಲ್ಪ ಜಾಸ್ತಿಯಾಗಿ ಕೆಳಗಿನ ಕಾಲು ಸಡಿಲವಾಗಿದೆ. ಸ್ಲೈಡ್ ಪೂರ್ತಿ ಹೊರಗಿದ್ದಾಗ ಮೇಲಿನ ಸ್ವರಗಳಲ್ಲಿ ಗಾಳಿ ಸೋರುವ 'ಸ್ಸ್' ಕೇಳಿಸುತ್ತದೆ. ತೆಳು ವಾಲ್ವ್ ಎಣ್ಣೆಯ ಬದಲು ದಪ್ಪ ಎಣ್ಣೆ ಹಾಕಿದರೆ ಕಡಿಮೆಯಾಗುತ್ತದೆ, ಆದರೆ ಸ್ಲೈಡ್ ನಿಧಾನವಾಗುತ್ತದೆ. ಈಗ ಎರಡನ್ನೂ ಅರ್ಧರ್ಧ ಬೆರೆಸಿ ಹಾಕುತ್ತಿದ್ದೇನೆ, ಮೂರು ದಿನಕ್ಕೊಮ್ಮೆ. ಸ್ಲೈಡ್ ವೇಗವಾಗಿ ವಾಪಸ್ ಬಂದಾಗ ಮೌತ್‌ಪೀಸ್ ತುಟಿಗೆ ತಟ್ಟುತ್ತದೆ, ಬೆರಳನ್ನು ಮೆಲ್ಲಗೆ ಬಿಡುವುದು ಅಭ್ಯಾಸವಾಗಬೇಕು. 1-2-3 ಒತ್ತುವ ಸ್ವರಗಳಲ್ಲಿ ಪೂರ್ತಿ ಕಾಲು ಸ್ವರಕ್ಕೆ 31 ಮಿ.ಮೀ. ಬೇಕು, ಹೆಬ್ಬೆರಳು ಅಲ್ಲಿಗೆ ಹೋಗುವಷ್ಟರಲ್ಲಿ ಹಿಡಿತ ಈಗಲೂ ಸಡಿಲವಾಗುತ್ತದೆ. ಆ ಸ್ವರಗಳನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಹಿಜಾಝ್ ಅನ್ನುವ ಮಕಾಂ ಶುರು ಮಾಡುವವರಿಗೆ ಈ ಟ್ರಿಗರ್ ಬೇಕಾಗಿಲ್ಲ ಅನ್ನುವುದನ್ನೂ ಹೇಳಬೇಕು. ಅದರ ಕೆಳಗಿನ ನಾಲ್ಕು ಸ್ವರ ನಮ್ಮ ಮಾಯಾಮಾಳವಗೌಳದ ಸ ರಿ ಗ ಮದ ಹಾಗೇ ಇದೆ, ಮಾಮೂಲಿ ಬೆರಳಿನಲ್ಲೇ ಬರುತ್ತದೆ. ಸರಳೆ ವರಸೆ ಕಲಿತವರು ಅಲ್ಲಿಂದ ಶುರು ಮಾಡಿ.

ನಿನ್ನೆ ಸಂಜೆ ಟ್ರಂಪೆಟ್ ತೆಗೆದುಕೊಂಡು ಮತ್ತೆ ಆ ಹಿರಿಯರ ಮನೆಗೆ ಹೋಗಿದ್ದೆ, ಮಗಳೂ ಬಂದಿದ್ದಳು. ಮೊದಲು ಹಾಡಿದೆ, ಆಮೇಲೆ ಊದಿದೆ. ರಾಸ್ತಿನ ಗಾಂಧಾರದಲ್ಲಿ ನಿಂತಾಗ ಅವರು ಊದಿನಲ್ಲಿ ಅದೇ ಸ್ವರ ಮೀಟಿದರು. ಸ್ವಲ್ಪ ಮೇಲೆ, ಅಂತ ಕೈಸನ್ನೆ ಮಾಡಿದರು. ಹೆಬ್ಬೆರಳು ಒಂದೆರಡು ಮಿಲಿಮೀಟರ್ ಸಡಿಲಿಸಿದೆ. ಎರಡೂ ಕೂಡಿಕೊಂಡವು. ಎಷ್ಟು ಸೆಂಟ್ ಅಂತ ನೋಡಲಿಲ್ಲ, ಫೋನು ಮನೆಯಲ್ಲಿತ್ತು. ಮುಂದಿನ ಶನಿವಾರ ಬಯಾತಿ ಶುರು ಮಾಡೋಣ ಅಂದಿದ್ದಾರೆ. ಅಷ್ಟರಲ್ಲಿ ಸ್ಪ್ರಿಂಗಿನ ಕೊಕ್ಕೆ ಬದಲಾಯಿಸಬೇಕು, ಅದು ಟ್ರಂಪೆಟ್‌ನ ಅಗಲವಾದ ಬಾಯಿಗೆ (ಬೆಲ್) ತಾಗಿ ಝುಂ ಅನ್ನುತ್ತಿದೆ.